ಎಂಜಿನ್ ಸ್ಟಾರ್ಟ್ ಆದರೆ ಸಾಲದು

ಗೋರೆಗಾಂವ್‌ನಿಂದ ಬೊರಿವಲಿ ಕಡೆಯ ಸ್ಲೋ ಲೋಕಲ್ ಹಿಡಿದರೆ ಮಲಾಡ್ ಆದಮೇಲೆ ಕಾಂದಿವಲಿ. ಸ್ಟೇಷನ್ನಿನಿಂದ ಪಶ್ಚಿಮಕ್ಕೆ ರಿಕ್ಷಾದಲ್ಲಿ ಹೋದರೆ ಚಾರ್ಕೋಪ್. ಅಲ್ಲಿನ ಐದು ಮಹಡಿಯ ಕಟ್ಟಡವೊಂದರ ತಾರಸಿಯಲ್ಲಿ ಪೈಲಟ್ ಅಮೋಲ್ ಯಾದವ್ ಆರು ಸೀಟಿನ ವಿಮಾನ ಕಟ್ಟಿದರು. ಲಿಫ್ಟ್ ಇಲ್ಲದ ಕಟ್ಟಡ. ಲೇತ್, ಕಂಪ್ರೆಸರ್, ವೆಲ್ಡಿಂಗ್ ಯಂತ್ರ, ಹೊರದೇಶದಿಂದ ತರಿಸಿದ 180 ಕಿಲೋ ತೂಕದ ಎಂಜಿನ್, ಎಲ್ಲವೂ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿಯೇ ಮೇಲೆ ಹೋದವು. 2016ರ ಫೆಬ್ರುವರಿಯಲ್ಲಿ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನಡೆದ ‘ಮೇಕ್ ಇನ್ ಇಂಡಿಯಾ’ ಸಪ್ತಾಹಕ್ಕೆ ಅದನ್ನು ಬಿಚ್ಚಿ, ಕ್ರೇನಿನಿಂದ ಕೆಳಗಿಳಿಸಿ ಒಯ್ದರು. 2017ರ ನವೆಂಬರಿನಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಅದಕ್ಕೆ ವಿಟಿ-ಎನ್‌ಎಂಡಿ ಎಂಬ ನೋಂದಣಿ ಕೊಟ್ಟಿತು. ಹಾರಲು ಪರವಾನಗಿ ಸಿಕ್ಕಿದ್ದು 2019ರ ಅಕ್ಟೋಬರಿನಲ್ಲಿ. ಮರುವರ್ಷ ಧುಳೆಯ ರನ್‌ವೇಯಲ್ಲಿ ಪರೀಕ್ಷಾ ಹಾರಾಟ.

ಇದರ ಬಗ್ಗೆ ಬರೆದವರೆಲ್ಲ ತಾರಸಿ, ಕ್ರೇನು, ಫೈಲುಗಳ ಅಲೆದಾಟ ಇವುಗಳ ಕಥೆ ಬರೆದರು. ಬರೆಯಬೇಕಾದದ್ದೇ. ನಮ್ಮ ಉಪನಗರದ ಮನುಷ್ಯನೊಬ್ಬ ಇಷ್ಟು ವರ್ಷ ಹಟ ಹಿಡಿದು ನಿಂತದ್ದು ಸಣ್ಣ ಮಾತಲ್ಲ. ಆದರೆ ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಎರಡನೇ ಕಥೆಯೊಂದು ಇರುತ್ತದೆ, ಅದು ಮೊದಲ ಹಾರಾಟದ ಮರುದಿನ ಶುರುವಾಗುತ್ತದೆ. ದೊಡ್ಡ ವಿಮಾನವನ್ನು ಕಾರ್ಖಾನೆಯೊಂದು ಮಾಡುತ್ತದೆ, ಕಂಪನಿಯೊಂದು ಹಾರಿಸುತ್ತದೆ, ಲೈಸೆನ್ಸ್ ಪಡೆದ ಎಂಜಿನಿಯರುಗಳು ಕೈಪಿಡಿ ಹಿಡಿದು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಕಟ್ಟಿದ್ದಕ್ಕೆ ಕೈಪಿಡಿ ಬರೆಯುವವನೂ ಕಟ್ಟಿದವನೇ, ಸ್ಪ್ಯಾನರ್ ಹಿಡಿಯುವವನೂ ಅವನೇ, ಕೊನೆಗೆ ಸೀಟಿನಲ್ಲಿ ಕೂರುವವನೂ ಅವನೇ. ರೆಕ್ಕೆ, ಎಂಜಿನ್, ಪ್ರೊಪೆಲರ್ ಇವುಗಳ ಮೇಲೆ ಅವನ ಕಣ್ಣು ಸದಾ ಇರುತ್ತದೆ. ಎಲ್ಲೋ ಸೀಟಿನ ಹಿಂದೆ ಅಥವಾ ಮೂತಿಯೊಳಗೆ ಕೂತ ಬ್ಯಾಟರಿಯನ್ನು, ಪ್ಯಾನಲ್ಲಿನ ಹಿಂದೆ ಹರಡಿದ ವೈರುಗಳನ್ನು ಯಾರೂ ನೋಡುವುದಿಲ್ಲ. ಬೆಳಿಗ್ಗೆ ಗುಂಡಿ ಒತ್ತಿದಾಗ ಎಂಜಿನ್ ಸ್ಟಾರ್ಟ್ ಆಯಿತೆಂದರೆ ಬ್ಯಾಟರಿ ಚೆನ್ನಾಗಿದೆ ಎಂದು ಲೆಕ್ಕ. ಸ್ಕೂಟರಿಗೆ, ಕಾರಿಗೆ ಈ ಲೆಕ್ಕ ಸರಿ. ವಿಮಾನಕ್ಕೆ ಅಲ್ಲ. ಈ ಲೇಖನ ಬರೆಯುತ್ತಿರುವುದು ಅಷ್ಟನ್ನು ಹೇಳಲಿಕ್ಕೆ.

ಹಳೆಯ ಕಾಲದಲ್ಲಿ ಬ್ಯಾಟರಿಯ ಪ್ರಶ್ನೆಯೇ ಇರಲಿಲ್ಲ. ಗೋರೆಗಾಂವ್‌ನಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರದಲ್ಲಿರುವ ಜುಹೂ ವಿಮಾನ ನಿಲ್ದಾಣ 1928ರದ್ದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೇಲಾಗಿ ಟಪಾಲು ಹೊತ್ತು ಬಂದಿಳಿದದ್ದು ಇದೇ ಜುಹೂನಲ್ಲಿ, ಪುಸ್ ಮಾತ್ ಎಂಬ ಒಂಟಿ ಎಂಜಿನ್ ವಿಮಾನದಲ್ಲಿ. ರೇಡಿಯೊ ಇಲ್ಲ, ದಿಕ್ಕು ತೋರುವ ಯಾವ ವಿದ್ಯುತ್ ಉಪಕರಣವೂ ಇಲ್ಲ. ಎಂಜಿನ್ನಿಗೆ ಕಿಡಿ ಕೊಡುತ್ತಿದ್ದದ್ದು ಮ್ಯಾಗ್ನೆಟೋ. ಎಂಜಿನ್ ತಿರುಗುವ ಬಲದಿಂದಲೇ ಕಿಡಿ ಹುಟ್ಟಿಸುವ ಈ ಸಾಧನಕ್ಕೆ ಬ್ಯಾಟರಿಯ ಹಂಗಿಲ್ಲ. ಇಂದಿಗೂ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್ನುಗಳಲ್ಲಿ ಬಹುಪಾಲು ಎರಡೆರಡು ಮ್ಯಾಗ್ನೆಟೋಗಳ ಮೇಲೆಯೇ ಓಡುತ್ತವೆ. ಆಕಾಶದಲ್ಲಿ ಕರೆಂಟು ಪೂರ್ತಿ ಹೋದರೂ ಎಂಜಿನ್ ನಿಲ್ಲುವುದಿಲ್ಲ. ರೇಡಿಯೊ, ದೀಪ, ಪರದೆ ಮಾತ್ರ ನಿಲ್ಲುತ್ತವೆ.

ಮನೆಯಲ್ಲಿ ಕಟ್ಟುವವರು ಇವತ್ತು ಹಾಕುತ್ತಿರುವ ಎಂಜಿನ್ನುಗಳ ಮಾತು ಬೇರೆ. ಕಾರಿನ ಎಂಜಿನ್ ತಂದು ವಿಮಾನಕ್ಕೆ ಅಳವಡಿಸಿದರೆ ಅದರ ಕಿಡಿ ಎಲೆಕ್ಟ್ರಾನಿಕ್, ಪೆಟ್ರೋಲ್ ಪಂಪ್ ವಿದ್ಯುತ್ತಿನದು, ಇಂಜೆಕ್ಷನ್ನಿನ ಹಿಂದೆ ಒಂದು ಕಂಪ್ಯೂಟರ್. ಕರೆಂಟು ಹೋದರೆ ಎಂಜಿನ್ ಹೋದಂತೆಯೇ. ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಮಾಡಿದ ‘ಹಂಸ ಎನ್‌ಜಿ’ 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ಅದರಲ್ಲಿರುವುದು ರೋಟ್ಯಾಕ್ಸ್ ಕಂಪನಿಯ 912 ಐಎಸ್ ಜಾತಿಯ ಎಂಜಿನ್. ಇದೇ ಜಾತಿಯ ಎಂಜಿನ್ ಜಗತ್ತಿನ ಅದೆಷ್ಟೋ ಕಿಟ್ ವಿಮಾನಗಳಲ್ಲಿದೆ. ಇಂಜೆಕ್ಷನ್ ಎಂಜಿನ್ ಆದ್ದರಿಂದ ಕರೆಂಟಿಲ್ಲದೆ ಅದು ಓಡುವುದಿಲ್ಲ. ಅದಕ್ಕಾಗಿ ಕಂಪನಿಯವರು ಒಂದೇ ಎಂಜಿನ್ನಿನೊಳಗೆ ಎರಡು ಜನರೇಟರ್ ಇಟ್ಟಿದ್ದಾರೆ: ಒಂದು ಎಂಜಿನ್ನಿನ ಸ್ವಂತ ಬಳಕೆಗೆ, ಇನ್ನೊಂದು ವಿಮಾನದ ಉಳಿದ ಉಪಕರಣಗಳಿಗೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಎಂಜಿನ್ನಿನ ಕೆಲಸಕ್ಕೆ ನಿಲ್ಲುತ್ತದೆ. ಆಗ ರೇಡಿಯೊ, ಪರದೆ ಎಲ್ಲ ಬ್ಯಾಟರಿಯ ಪಾಲಿಗೆ. ಕಾರ್ಖಾನೆಯ ಎಂಜಿನಿಯರುಗಳೇ ಇಷ್ಟು ಮುಂದಾಲೋಚನೆ ಮಾಡಿರುವಾಗ ಮನೆಯಲ್ಲಿ ಕಟ್ಟುವವನು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಾಗಾದರೆ ಹಾರುವ ವಿಮಾನದಲ್ಲಿ ಬ್ಯಾಟರಿಯ ನಿಜವಾದ ಕೆಲಸ ಯಾವುದು? ಸ್ಟಾರ್ಟ್ ಮಾಡುವುದು ಅದರ ಸಣ್ಣ ಕೆಲಸ. ಹಾರುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಸತ್ತ ಮೇಲೆ ನೆಲ ಮುಟ್ಟುವ ತನಕ ಬೇಕಾದ ನಿಮಿಷಗಳನ್ನು ಕೊಡುವುದು ದೊಡ್ಡ ಕೆಲಸ. ಪ್ರಮಾಣಪತ್ರವುಳ್ಳ ಸಣ್ಣ ವಿಮಾನಗಳಿಗೆ ಅಮೆರಿಕದ ನಿಯಮಗಳು ಕೇಳಿದ್ದು ಕನಿಷ್ಠ 30 ನಿಮಿಷ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಆ ಸಂಖ್ಯೆಯನ್ನು ಮಾಲೀಕನೇ ನಿಗದಿ ಮಾಡಿಕೊಳ್ಳಬೇಕು. ತಾನು ಹಾರುವ ದಾರಿಯಲ್ಲಿ ಅತಿ ದೂರದ ಜಾಗದಿಂದ ಹತ್ತಿರದ ರನ್‌ವೇಗೆ ಎಷ್ಟು ಹೊತ್ತು ಬೇಕು? ಒಂದು ಗಂಟೆ ಎಂದಾದರೆ ಬ್ಯಾಟರಿಯೂ ಒಂದು ಗಂಟೆ ಬಾಳಬೇಕು.

ಸ್ಟಾರ್ಟ್ ಆದರೆ ಸಾಕು ಎಂಬ ಆ ಹಳೆಯ ಲೆಕ್ಕ ಮೋಸ ಮಾಡುವುದು ಇಲ್ಲೇ. ಸ್ಟಾರ್ಟರ್ ಮೋಟಾರು 150–200 ಆಂಪಿಯರ್ ಎಳೆಯುತ್ತದೆ, ಆದರೆ ಕೆಲವೇ ಸೆಕೆಂಡು. ಒಟ್ಟಾರೆ ಖರ್ಚಾಗುವ ಶಕ್ತಿ ಬಹಳ ಕಡಿಮೆ. ನಮ್ಮ ಚಾಳುಗಳಲ್ಲಿ ನೀರು ತುಂಬಿಡುವ ಡ್ರಮ್ಮನ್ನು ನೆನೆಸಿಕೊಳ್ಳಿ. ತಳದಲ್ಲಿ ಅರ್ಧದಷ್ಟು ಹೂಳು ಕೂತಿದ್ದರೂ ಮೇಲಿನಿಂದ ಮುಳುಗಿಸಿದ ಮೊದಲ ತಂಬಿಗೆ ತುಂಬಿಯೇ ಬರುತ್ತದೆ. ನೀರು ಸಾಲದು ಎಂದು ಗೊತ್ತಾಗುವುದು ಸ್ನಾನದ ನಡುವೆ. ಮೂರು ನಾಲ್ಕು ವರ್ಷ ಹಳೆಯ ಲೆಡ್-ಆಸಿಡ್ ಬ್ಯಾಟರಿಯ ಒಳಗೂ ಹೀಗೆಯೇ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಫಲಕದ ವಸ್ತು ಉದುರುತ್ತದೆ, ಧಾರಣ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಆದರೂ ಎಂಜಿನ್ ಪಟ್ಟನೆ ಸ್ಟಾರ್ಟ್ ಆಗುತ್ತದೆ. ವೋಲ್ಟ್‌ಮೀಟರೂ 12.7 ತೋರಿಸಬಹುದು.

ಅಳೆಯುವ ದಾರಿ ಒಂದೇ: ಖಾಲಿ ಮಾಡಿ ನೋಡುವುದು. ಇದಕ್ಕೆ ದುಬಾರಿ ಯಂತ್ರವೇನೂ ಬೇಡ. ಗ್ಯಾರೇಜಿನಲ್ಲಿ ಸಿಗುವ 55 ವ್ಯಾಟಿನ ಕಾರ್ ಹೆಡ್‌ಲೈಟ್ ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಎರಡು ಬಲ್ಬು ಸೇರಿದರೆ ಒಂಬತ್ತು. ತುರ್ತಿನಲ್ಲಿ ಉಳಿಸಿಕೊಳ್ಳಬೇಕಾದ ಉಪಕರಣಗಳ ಪಟ್ಟಿ ಮಾಡಿ ಕೂಡಿಸಿ ನೋಡಿ. ಪೆಟ್ರೋಲ್ ಪಂಪಿಗೆ ನಾಲ್ಕೈದು, ಎಲೆಕ್ಟ್ರಾನಿಕ್ ಕಿಡಿಗೆ ಒಂದೆರಡು, ಪರದೆಗೆ ಒಂದೆರಡು, ರೇಡಿಯೊ ಕೇಳಲು ಅರ್ಧ, ಮಾತಾಡುವಾಗ ಇನ್ನೂ ಕೆಲವು. ಮೊತ್ತ ಒಂಬತ್ತು ಹತ್ತು ಆಂಪಿಯರಿನ ಆಸುಪಾಸಿಗೆ ಬರುತ್ತದೆ. ಬ್ಯಾಟರಿಯನ್ನು ವಿಮಾನದಿಂದ ಹೊರತೆಗೆದು, ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಡಿ. ಆಮೇಲೆ ಎರಡು ಬಲ್ಬು ಜೋಡಿಸಿ, ಪಕ್ಕದಲ್ಲಿ ಗಡಿಯಾರ, ಟರ್ಮಿನಲ್ಲುಗಳ ಮೇಲೆ ಮಲ್ಟಿಮೀಟರ್. ಐದೈದು ನಿಮಿಷಕ್ಕೆ ಒಮ್ಮೆ ವೋಲ್ಟೇಜ್ ಬರೆದಿಡಿ. ಮೊದಲಿಗೆ ಸ್ವಲ್ಪ ಕುಸಿದು, ಬಹಳ ಹೊತ್ತು ನಿಧಾನಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಒಮ್ಮೆಲೇ ಜಾರುತ್ತದೆ. 10.5 ವೋಲ್ಟಿಗೆ ಬಂದ ಕೂಡಲೇ ಬಲ್ಬು ಕಳಚಿ, ತಡಮಾಡದೆ ಮತ್ತೆ ಚಾರ್ಜಿಗೆ ಹಾಕಿ. ಖಾಲಿಯಾಗಿ ಬಿಟ್ಟ ಲೆಡ್ ಬ್ಯಾಟರಿ ಪ್ರತಿ ಗಂಟೆಯೂ ಕೆಡುತ್ತಲೇ ಇರುತ್ತದೆ.

ಹೊಸ 16 ಆಂಪಿಯರ್-ಅವರ್ ಬ್ಯಾಟರಿ ಈ ಪರೀಕ್ಷೆಯಲ್ಲಿ ಒಂದು ಗಂಟೆ ದಾಟಬೇಕು. ಹೊಸತಿನಲ್ಲೇ ಒಮ್ಮೆ ಮಾಡಿ ಆ ಸಂಖ್ಯೆಯನ್ನು ಲಾಗ್ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷಗಳಿಗೆ ಅದೇ ಅಳತೆಗೋಲು. ಹೊಸತರ ಶೇ 80ಕ್ಕಿಂತ ಕೆಳಗಿಳಿದರೆ ವಿಮಾನದಿಂದ ತೆಗೆಯಬೇಕು ಎನ್ನುವುದು ವೃತ್ತಿಪರ ಹ್ಯಾಂಗರುಗಳ ರೂಢಿ. ಅಮೆರಿಕದಲ್ಲಿ ಮನೆ ವಿಮಾನಗಳ ವಿದ್ಯುತ್ ವ್ಯವಸ್ಥೆಯ ಬಗ್ಗೆ ‘ಏರೋಎಲೆಕ್ಟ್ರಿಕ್ ಕನೆಕ್ಷನ್’ ಎಂಬ ಪುಸ್ತಕ ಬರೆದ ಬಾಬ್ ನಕಲ್ಸ್ ಹೇಳಿಕೊಟ್ಟದ್ದೂ ಇದೇ ದಾರಿ: ಆಲ್ಟರ್ನೇಟರ್ ಇಲ್ಲದೆ ಎಷ್ಟು ಹೊತ್ತು ಬೇಕೆಂದು ಮೊದಲು ತೀರ್ಮಾನಿಸಿ, ಅಷ್ಟು ಹೊತ್ತು ಕೊಡದ ದಿನ ಬ್ಯಾಟರಿ ಬದಲಾಯಿಸಿ. ತುರ್ತಿಗೆ ಬೇಕಾದ ಉಪಕರಣಗಳನ್ನು ಕರೆಂಟು ಹಂಚುವ ಬೇರೆಯೇ ಒಂದು ಬಸ್‌ಗೆ ಜೋಡಿಸಿ, ಒಂದು ಸ್ವಿಚ್ಚಿನಿಂದ ಅದನ್ನು ನೇರವಾಗಿ ಬ್ಯಾಟರಿಗೆ ಕಟ್ಟಿಕೊಳ್ಳುವ ವ್ಯವಸ್ಥೆಯನ್ನು ಹವ್ಯಾಸಿಗಳಲ್ಲಿ ಬಳಕೆಗೆ ತಂದವರೂ ಅವರೇ. ಪೈಲಟ್ ಗಾಬರಿಯಲ್ಲಿ ಒಂದೊಂದೇ ಸ್ವಿಚ್ ಹುಡುಕುತ್ತಾ ಕೂರಬೇಕಿಲ್ಲ.

ಸ್ಟಾರ್ಟ್ ಆಗುವ ಬ್ಯಾಟರಿಯನ್ನು ತೆಗೆದುಹಾಕಲು ನಮ್ಮ ಮನಸ್ಸು ಒಪ್ಪುವುದಿಲ್ಲ, ಗೊತ್ತು. ವಸ್ತು ಪೂರ್ತಿ ಸವೆಯುವ ತನಕ ಬಳಸುವುದು ನಮ್ಮ ಮನೆಗಳ ಸಂಸ್ಕಾರ. ಆ ಬ್ಯಾಟರಿಯನ್ನು ಸ್ಕೂಟರಿಗೋ ಇನ್ವರ್ಟರಿಗೋ ಕೊಡಿ, ಇನ್ನೆರಡು ವರ್ಷ ದುಡಿಯಲಿ. ವಿಮಾನದಲ್ಲಿ ಬೇಡ.

ಯಾವ ಬ್ಯಾಟರಿ ಎಂಬ ಪ್ರಶ್ನೆಗೆ ಬಂದರೆ, ನೀರು ಹಾಕುವ ಹಳೆಯ ಮಾದರಿಯನ್ನು ಸಣ್ಣ ವಿಮಾನದಲ್ಲಿ ಈಗ ಹೊಸದಾಗಿ ಹಾಕುವವರು ಕಡಿಮೆ. ಅದರ ಆಸಿಡ್ ಚೆಲ್ಲುತ್ತದೆ, ಅಲ್ಯುಮಿನಿಯಂ ತಿನ್ನುತ್ತದೆ. ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಶೇ 4 ಸೇರಿದರೂ ಹೊತ್ತಿಕೊಳ್ಳುವ ಅನಿಲ. ಈ ಹಳೆಯ ಮಾದರಿಯನ್ನು ಇಟ್ಟುಕೊಂಡವರು ಅನಿಲ ಹೊರಹೋಗುವ ಕೊಳವೆ ಕಟ್ಟಿಕೊಂಡಿಲ್ಲವೆಂದು ಪ್ರತಿ ತಪಾಸಣೆಯಲ್ಲೂ ಖಚಿತಪಡಿಸಿಕೊಳ್ಳಬೇಕು. ಈಗ ಹೆಚ್ಚಿನವರು ಹಾಕುವುದು ಎಜಿಎಂ. ಗಾಜಿನ ನಾರಿನ ಹಾಸು ಆಸಿಡ್ಡನ್ನು ಹೀರಿ ಹಿಡಿದಿರುತ್ತದೆ, ಮಗ್ಗುಲಾಗಿಸಿದರೂ ಚೆಲ್ಲುವುದಿಲ್ಲ. ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ಅದೇ ಕೆಲಸಕ್ಕೆ ಎಜಿಎಂನ ಮೂರನೇ ಒಂದರಷ್ಟು ತೂಕ. ಕಿಲೋ ಕಿಲೋ ಲೆಕ್ಕ ಹಾಕುವವರಿಗೆ ಇದು ದೊಡ್ಡ ಆಸೆ.

ಲಿಥಿಯಂ ಎಂದ ಕೂಡಲೇ 2013ರ ಜನವರಿ ನೆನಪಾಗುವುದು ಸಹಜ. 7ರಂದು ಬಾಸ್ಟನ್‌ನಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 787 ವಿಮಾನದ ಒಂದು ಬ್ಯಾಟರಿ ಹೊತ್ತಿ ಉರಿಯಿತು. 16ರಂದು ಆಲ್ ನಿಪ್ಪಾನ್ ಏರ್‌ವೇಸ್‌ನ ಇನ್ನೊಂದು 787 ಬ್ಯಾಟರಿಯ ಹೊಗೆಯ ಕಾರಣ ಜಪಾನಿನ ತಕಾಮತ್ಸುವಿನಲ್ಲಿ ತುರ್ತಾಗಿ ಇಳಿಯಿತು. ಆಗ ಜಗತ್ತಿನಲ್ಲಿ ಹಾರುತ್ತಿದ್ದ 787 ಮಾದರಿಯ 50 ವಿಮಾನಗಳೂ ನೆಲ ಹಿಡಿದವು, ಅವುಗಳಲ್ಲಿ ಏರ್ ಇಂಡಿಯಾದ 6 ಸಹ ಸೇರಿದ್ದವು. ಅವುಗಳಲ್ಲಿದ್ದದ್ದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಐರನ್ ಫಾಸ್ಫೇಟ್ ಅದಕ್ಕಿಂತ ಬಹಳ ಶಾಂತ ರಸಾಯನ. ಆದರೂ ಅದಕ್ಕೆ ಅದರದೇ ಶಿಸ್ತು ಬೇಕು. ಎಂಜಿನ್ ಕೋಣೆಯ ಕಾವಿನಲ್ಲಿ ಇಡಬಾರದು. ಖಾಲಿಯಾದ ಮೇಲೆ ಅದು ಚಾರ್ಜನ್ನು ಆಸೆಬುರುಕನಂತೆ ಎಳೆಯುತ್ತದೆ. ಇಂಜೆಕ್ಷನ್ ಇಲ್ಲದ ರೋಟ್ಯಾಕ್ಸ್ 912ರ 250 ವ್ಯಾಟಿನ ಸಣ್ಣ ಜನರೇಟರ್ ಹಾಗೂ ಅದರ ರೆಗ್ಯುಲೇಟರ್ ಅಂಥ ಭಾರಕ್ಕೆ ಸುಟ್ಟುಹೋಗಬಹುದು. ಒಳಗಿರುವ ರಕ್ಷಣಾ ಸರ್ಕ್ಯೂಟ್ ಅಪಾಯ ಕಂಡರೆ ಬ್ಯಾಟರಿಯನ್ನೇ ಕಡಿದುಹಾಕುತ್ತದೆ. ಆ ಕ್ಷಣ ವಿಮಾನದಲ್ಲಿ ಉಳಿಯುವುದು ಆಲ್ಟರ್ನೇಟರ್ ಒಂದೇ. ಇನ್ನು ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ಮಟ್ಟದಲ್ಲಿ ಇರುವುದರಿಂದ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ನನ್ನನ್ನು ಕೇಳಿದರೆ, ಕಿಡಿ ಮತ್ತು ಪೆಟ್ರೋಲ್ ಎರಡೂ ವಿದ್ಯುತ್ತಿನ ಮೇಲೆ ನಿಂತ ವಿಮಾನದಲ್ಲಿ ಒಂದೇ ಒಂದು ಲಿಥಿಯಂ ಬ್ಯಾಟರಿ ಇಡುವುದಕ್ಕಿಂತ ಎರಡು ಸಣ್ಣ ಎಜಿಎಂ ಇಡುವುದು ಮೇಲು. ಎರಡನ್ನೂ ಒಟ್ಟಿಗೆ ಕೊಂಡು, ಪ್ರತಿ ವರ್ಷ ಹಳೆಯದೊಂದನ್ನು ಬದಲಾಯಿಸುತ್ತಾ ಹೋದರೆ ಎರಡರಲ್ಲಿ ಒಂದು ಸದಾ ಒಂದು ವರ್ಷದೊಳಗಿನದೇ ಆಗಿರುತ್ತದೆ.

ಇನ್ನು ನಮ್ಮೂರಿನ ಹವೆ. ಜೂನಿನಿಂದ ಸೆಪ್ಟೆಂಬರ್ ತನಕ ಮುಂಬಯಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ; ಪಶ್ಚಿಮ ಉಪನಗರಗಳ ಒಂದು ಪಕ್ಕ ಸಮುದ್ರ, ನಡುವೆ ಮಲಾಡ್ ಖಾಡಿ. ಉಪ್ಪುಗಾಳಿ ತಾಗಿದ ಜಾಗದಲ್ಲಿ ತಾಮ್ರ ಮತ್ತು ಅಲ್ಯುಮಿನಿಯಂ ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ವಿಮಾನದ ಲೋಹದ ಮೈಯನ್ನೇ ಅರ್ಥ್ ಆಗಿ ಬಳಸಿದಲ್ಲಿ ಈ ತೊಂದರೆ ಕಣ್ಣಿಗೆ ಕಾಣದೆ ಬೆಳೆಯುತ್ತದೆ. ನಟ್ಟು ಬಿಗಿಯಾಗಿಯೇ ಇರುತ್ತದೆ, ಅದರಡಿಯಲ್ಲಿ ಬಿಳಿಯ ಪುಡಿ. ಹ್ಯಾಂಗರುಗಳಲ್ಲಿ ಪಳಗಿದ ಎಲೆಕ್ಟ್ರಿಷಿಯನ್ನುಗಳು ಬ್ಯಾಟರಿ ಸತ್ತಿದೆ ಎಂಬ ದೂರು ಬಂದಾಗ ಮೊದಲು ಕೈ ಹಾಕುವುದು ಬ್ಯಾಟರಿಗಲ್ಲ, ಅರ್ಥ್ ವೈರಿಗೆ.

ಅದನ್ನು ಕಂಡುಹಿಡಿಯುವ ಕ್ರಮ ಸುಲಭ, ಜೋಪಾನವಾಗಿ ಮಾಡಬೇಕು ಅಷ್ಟೆ. ಚಕ್ರಗಳಿಗೆ ಅಡೆ ಕೊಟ್ಟು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರೊಪೆಲರಿನ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಕ್ಲಿಪ್ ಹಾಕಿ ದೂರ ಬನ್ನಿ. ಇನ್ನೊಬ್ಬರು ಕಾಕ್‌ಪಿಟ್ಟಿನಲ್ಲಿ ಕೂತು ಸ್ಟಾರ್ಟರ್ ಒತ್ತಲಿ. ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟೋ ಒಂದೋ ತೋರಿಸಿದರೆ ಆ ದಾರಿಯಲ್ಲೆಲ್ಲೋ ತುಕ್ಕು, ಸಡಿಲು ಅಥವಾ ಒಳಗೇ ಮುರಿದ ಕೇಬಲ್ ಇದೆ. ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ತನಕವೂ ಇದೇ ರೀತಿ ಹಂತ ಹಂತವಾಗಿ ಅಳೆದರೆ ಕೆಟ್ಟ ಜೋಡಣೆ ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಹೊಸ ಬ್ಯಾಟರಿಗೆ ಹಣ ಸುರಿಯುವ ಮುಂಚೆ ಈ ಹತ್ತು ನಿಮಿಷ ಖರ್ಚು ಮಾಡುವುದು ಲೇಸು.

ಟರ್ಮಿನಲ್ ಬಿಚ್ಚುವಾಗ ಮೊದಲು ನೆಗೆಟಿವ್, ಕೂರಿಸುವಾಗ ಕೊನೆಗೆ ನೆಗೆಟಿವ್. ಕಾರಣ ಇಷ್ಟೇ: ಪಾಸಿಟಿವ್ ನಟ್ಟು ತಿರುಗಿಸುವಾಗ ಸ್ಪ್ಯಾನರ್ ಜಾರಿ ವಿಮಾನದ ಮೈಗೆ ತಾಗಿದರೆ, ನೆಗೆಟಿವ್ ಜೋಡಿಸಿದ್ದಲ್ಲಿ ನೂರಾರು ಆಂಪಿಯರ್ ಆ ಸ್ಪ್ಯಾನರಿನಲ್ಲೇ ಹರಿಯುತ್ತದೆ. ಉಂಗುರ, ಕೈಗಡಿಯಾರ ತೆಗೆದಿಡಿ. ನೀಲಿ-ಬಿಳಿ ಪುಡಿ ಕಂಡರೆ ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಕಲಸಿ ಬ್ರಷ್ಷಿನಿಂದ ತೊಳೆಯಿರಿ. ನೊರೆ ನಿಂತರೆ ಆಸಿಡ್ ಮುಗಿಯಿತೆಂದು ಅರ್ಥ. ಸೋಡಾ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಲೋಹ ಹೊಳೆಯುವಂತೆ ಉಜ್ಜಿ, ನಟ್ಟು ಬಿಗಿದ ನಂತರವೇ ಮೇಲೆ ವ್ಯಾಸಲೀನ್ ಅಥವಾ ಗ್ರೀಸ್. ಬ್ಯಾಟರಿ ಕೂತ ತಟ್ಟೆಯ ಅಡಿಯನ್ನೂ ನೋಡಬೇಕು.

ಬೆಚ್ಚನೆಯ ಊರಿನಲ್ಲಿ ಬ್ಯಾಟರಿ ಸುಮ್ಮನೆ ಕೂತರೂ ಬೇಗ ಇಳಿಯುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ತಾನಾಗಿ ಸೋರುವ ವೇಗ ಹೆಚ್ಚುಕಡಿಮೆ ಇಮ್ಮಡಿ. ಮಳೆಗಾಲದ ನಾಲ್ಕು ತಿಂಗಳು ಹಾರದೆ ನಿಲ್ಲುವ ವಿಮಾನದ ಬ್ಯಾಟರಿಯನ್ನು ಹೊರತೆಗೆದು, ಅದರ ಜಾತಿಗೆ ಹೊಂದುವ ಮೇಂಟೇನರ್ ಚಾರ್ಜರಿಗೆ ಹಾಕಿಡುವುದು ಉತ್ತಮ. ಲೆಡ್ ಬ್ಯಾಟರಿಯ ಚಾರ್ಜರ್ ಲಿಥಿಯಂಗೆ ಸಲ್ಲದು.

ವೈರಿನ ವಿಷಯಕ್ಕೆ ಬರೋಣ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗದ ಎಲೆಕ್ಟ್ರಾನಿಕ್ ಸಾಮಾನಿಲ್ಲ. ಆ ಬೀದಿಯಲ್ಲಿ ಕಲಿತ ಮುಂಬಯಿಯ ಹುಡುಗರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಮನೆಗೆ ಬಳಸುವ ಪಿವಿಸಿ ಹೊದಿಕೆಯ ವೈರನ್ನು ವಿಮಾನದಲ್ಲಿ ಎಳೆಯಬಾರದು. ಬಿಸಿಯಾದರೆ ಅದು ಕರಗುತ್ತದೆ, ಉರಿದರೆ ಉಸಿರುಗಟ್ಟಿಸುವ ವಿಷಹೊಗೆ ಬಿಡುತ್ತದೆ. ಕಾಕ್‌ಪಿಟ್ಟಿನಿಂದ ಇಳಿದು ಓಡಲಾಗದು. ವಿಮಾನಕ್ಕೆಂದೇ ಇರುವ ಟೆಫ್ಜೆಲ್ ಹೊದಿಕೆಯ, ತವರ ಲೇಪಿಸಿದ ಎಳೆಗಳ ವೈರು 150 ಡಿಗ್ರಿ ತಾಳುತ್ತದೆ. ಇದೊಂದರಲ್ಲಿ ಉಳಿತಾಯ ನೋಡಬೇಡಿ.

ತುದಿಗಳನ್ನು ಜೋಡಿಸುವಲ್ಲಿಯೂ ಅಷ್ಟೆ. ಸೋಲ್ಡರ್ ಮಾಡಿದ ಜೋಡಣೆ ನೋಡಲು ಗಟ್ಟಿ. ಕರಗಿದ ಸೋಲ್ಡರ್ ಎಳೆಗಳ ಒಳಗೆ ಹೀರಿಕೊಂಡು ಒಂದು ಕಡೆ ನಿಲ್ಲುತ್ತದೆ, ಅಲ್ಲಿಂದಾಚೆಗೆ ವೈರು ಮೆತ್ತಗೆ. ಎಂಜಿನ್ನಿನ ನಡುಕಕ್ಕೆ ಆ ಗಡಿಯಲ್ಲೇ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ವೈರಿಗೆ ಹತ್ತಿರದಲ್ಲೇ ಆಸರೆ ಕೊಟ್ಟರೆ ಸೋಲ್ಡರೂ ಬಾಳುತ್ತದೆ. ಆದರೂ ರ್‍ಯಾಚೆಟ್ ಇರುವ ಕ್ರಿಂಪಿಂಗ್ ಉಪಕರಣದಿಂದ, ವೈರಿನ ಹೊದಿಕೆಯನ್ನೂ ಸೇರಿಸಿ ಹಿಡಿಯುವ ಟರ್ಮಿನಲ್ಲನ್ನು ಒತ್ತುವುದೇ ವಿಮಾನದ ಪದ್ಧತಿ. ಒತ್ತಿದ ಮೇಲೆ ಪ್ರತಿಯೊಂದನ್ನೂ ಕೈಯಿಂದ ಎಳೆದು ನೋಡಬೇಕು. ತಗಡನ್ನು ದಾಟುವ ಕಡೆ ರಬ್ಬರ್ ಬಳೆ, ದಾರಿಯುದ್ದಕ್ಕೂ ಕ್ಲಾಂಪ್, ಪೆಟ್ರೋಲ್ ಕೊಳವೆಯಿಂದ ದೂರ, ಸಾಧ್ಯವಿರುವಲ್ಲೆಲ್ಲ ಅದರ ಮೇಲ್ಗಡೆ. ಫ್ಯೂಸ್ ಇರುವುದು ವೈರು ಸುಡದಂತೆ ಕಾಯಲು. ದಪ್ಪ ಫ್ಯೂಸ್ ಹಾಕಿ ತೊಂದರೆ ತೀರಿಸಿದೆನೆಂದುಕೊಂಡವರು ಬೆಂಕಿಯನ್ನು ಮುಂದೂಡಿದ್ದಾರೆ ಅಷ್ಟೆ. ಹಾರುವಾಗ ಬ್ರೇಕರ್ ಜಿಗಿದರೆ, ಆ ಉಪಕರಣವಿಲ್ಲದೆ ಇಳಿಯಲು ಆಗುವುದಾದರೆ, ಅದನ್ನು ಮತ್ತೆ ಒತ್ತದಿರುವುದೇ ಕ್ಷೇಮ.

ಬ್ಯಾಟರಿಯನ್ನು ವಿಮಾನಕ್ಕೆ ಸೇರಿಸುವ ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇ ಹಾರಾಟದುದ್ದಕ್ಕೂ ಸೆಳೆದುಕೊಂಡೇ ಇರಬೇಕು. ಅಂಗಡಿಯಲ್ಲಿ ಅದರ ಪಕ್ಕದಲ್ಲೇ, ನೋಡಲು ತದ್ರೂಪಾದ ಸ್ಟಾರ್ಟರ್ ಕಾಂಟ್ಯಾಕ್ಟರ್ ಇರುತ್ತದೆ. ಅದು ಕೆಲವು ಸೆಕೆಂಡುಗಳ ಕೆಲಸಕ್ಕೆ ಮಾಡಿದ್ದು, ಸತತ ಕರೆಂಟಿಗೆ ಬೆಂದುಹೋಗುತ್ತದೆ. ಸರಿಯಾದ ಕಾಂಟ್ಯಾಕ್ಟರಿನ ಸುರುಳಿಯೂ ಸುಮಾರು ಒಂದು ಆಂಪಿಯರ್ ತಿನ್ನುತ್ತದೆ. ಅದನ್ನು ನಡೆಸುವ ಮಾಸ್ಟರ್ ಸ್ವಿಚ್ ಆರಿಸಲು ಮರೆತು ಮನೆಗೆ ಹೋದರೆ 16 ಆಂಪಿಯರ್-ಅವರ್ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿ. ಇದಕ್ಕೆ ಪೈಲಟ್‌ಗಳು ಕಂಡುಕೊಂಡ ಉಪಾಯ ಸೊಗಸಾಗಿದೆ: ಬಾಲದ ಮೇಲಿನ ಮಿನುಗುವ ಬೀಕನ್ ದೀಪದ ಸ್ವಿಚ್ಚನ್ನು ಎಂದೂ ಆರಿಸುವುದಿಲ್ಲ. ಮಾಸ್ಟರ್ ಉಳಿದಿದ್ದರೆ ಹ್ಯಾಂಗರ್ ಬಾಗಿಲೆಳೆಯುವಾಗ ದೀಪ ಮಿನುಗಿ ಹೇಳುತ್ತದೆ.

ಹಾರಾಟದಲ್ಲಿ ಕಣ್ಣಿಡಬೇಕಾದ ಸಂಖ್ಯೆ ಒಂದೇ. 12 ವೋಲ್ಟಿನ ವ್ಯವಸ್ಥೆಯಲ್ಲಿ ಆಲ್ಟರ್ನೇಟರ್ ದುಡಿಯುತ್ತಿದ್ದರೆ ಮೀಟರ್ 13.8ರಿಂದ 14.4ರ ನಡುವೆ ಇರುತ್ತದೆ. 13ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಒಂಟಿಯಾಗಿ ಹೊರುತ್ತಿದೆ ಎಂದರ್ಥ, ನಿಮಿಷಗಳ ಎಣಿಕೆ ಶುರು. ಮೀಟರನ್ನು ಸದಾ ನೋಡುತ್ತಾ ಕೂರಲು ಯಾರಿಗೂ ಆಗದು. ಆದ್ದರಿಂದ 13ರ ಹತ್ತಿರ ಹೊತ್ತಿಕೊಳ್ಳುವ ಎಚ್ಚರಿಕೆಯ ಕೆಂಪು ದೀಪ ಪ್ಯಾನಲ್ಲಿನಲ್ಲಿ ಇರಲೇಬೇಕು. ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ 16ರಾಚೆಗೆ ಏರಿದರೆ ಬ್ಯಾಟರಿ ಕುದಿಯುತ್ತದೆ, ಪರದೆಗಳು ಸಾಯುತ್ತವೆ. ಅದನ್ನು ತಾನೇ ಕಡಿದುಹಾಕುವ ರಕ್ಷಣೆಯೂ ಬೇಕು. ರೋಟ್ಯಾಕ್ಸ್‌ನ ರೆಗ್ಯುಲೇಟರ್ ಬಿಸಿಗೆ ಬೇಗ ಸೋಲುತ್ತದೆ, ಅದರ ರೆಕ್ಕೆಗಳಿಗೆ ತಂಪು ಗಾಳಿ ಬಡಿಯುವಂತೆ ಕೂರಿಸಿ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಎನ್‌ಎಎಲ್‌ನವರು ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ ‘ಲಾಂಗ್-ಈಝಿ’ ವಿನ್ಯಾಸ ಹಿಡಿದು ಎಲ್‌ಸಿಆರ್‌ಎ ಎಂಬ ಕಾಂಪೊಸಿಟ್ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ಆ ವಿನ್ಯಾಸದಲ್ಲಿ ಎಂಜಿನ್ ಹಿಂದೆ, ತೂಕ ಸರಿದೂಗಿಸಲು ಬ್ಯಾಟರಿ ಮೂತಿಯಲ್ಲಿ. ಮೂಲ ಲಾಂಗ್-ಈಝಿಗೆ ಸ್ಟಾರ್ಟರೇ ಇರಲಿಲ್ಲ, ಮೂತಿ ನೆಲಕ್ಕೂರಿಸಿ ಹಿಂದಿನ ಪ್ರೊಪೆಲರನ್ನು ಕೈಯಿಂದ ತಿರುಗಿಸುತ್ತಿದ್ದರು. ಆಮೇಲೆ ಸ್ಟಾರ್ಟರ್ ಸೇರಿಸಿದವರು ಮೂತಿಯಿಂದ ಬಾಲದ ತನಕ ದಪ್ಪ ಕೇಬಲ್ ಎಳೆಯಬೇಕಾಯಿತು. ಅಷ್ಟು ಉದ್ದದಲ್ಲಿ ವೋಲ್ಟೇಜ್ ಕುಸಿಯದಂತೆ ನೋಡಿಕೊಳ್ಳುವುದೇ ಒಂದು ಪಾಠ. ಕಾಂಪೊಸಿಟ್ ಮೈ ಕರೆಂಟು ಹರಿಸುವುದಿಲ್ಲವಾದ್ದರಿಂದ ಅರ್ಥಿಗೂ ಪ್ರತ್ಯೇಕ ಕೇಬಲ್ ಬೇಕು. ಹಾಗೆಯೇ ಫ್ರಾನ್ಸಿನಿಂದ ಬಂದ ಜೋಯಲ್ ಕೊಶ್ಲಾಂ ಬೆಂಗಳೂರಿನಲ್ಲಿ ಕಟ್ಟಿದ ರಾಜ್ ಹಂಸ ಕಂಪನಿಯ ‘ಎಕ್ಸ್-ಏರ್’ ಕಿಟ್‌ಗಳು ಹೊರದೇಶಗಳ ಗ್ಯಾರೇಜುಗಳಲ್ಲಿ ಜೋಡಣೆಯಾಗಿ ಹಾರಿವೆ.

ಇನ್ನೊಂದು ಬ್ಯಾಟರಿಯನ್ನು ಎಲ್ಲರೂ ಮರೆಯುತ್ತಾರೆ. ಅಪಘಾತವಾದರೆ ತಾನಾಗಿ ಕೂಗುವ ಇಎಲ್‌ಟಿ ಎಂಬ ಪೆಟ್ಟಿಗೆಯೊಳಗಿನದು. ಅದರ 406 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹಗಳು ಹಿಡಿಯುತ್ತವೆ, ಭಾರತದಲ್ಲಿ ಅದು ತಲಪುವುದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹಗಳು 2009ರ ಫೆಬ್ರುವರಿ 1ರಿಂದ ಕೇಳುತ್ತಿಲ್ಲ. ಆ ಪೆಟ್ಟಿಗೆಯ ಬ್ಯಾಟರಿಯನ್ನು ಒಟ್ಟು ಒಂದು ಗಂಟೆ ಬಳಸಿದ್ದರೆ, ಅಥವಾ ಅದರ ಆಯುಸ್ಸಿನ ಅರ್ಧ ಕಳೆದಿದ್ದರೆ ಬದಲಾಯಿಸಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಪೆಟ್ಟಿಗೆಯ ಮೇಲೆ ದಿನಾಂಕ ಅಚ್ಚಾಗಿರುತ್ತದೆ. ಕೊನೆಯ ಸಲ ಅದನ್ನು ಯಾವಾಗ ಓದಿದಿರಿ?

ಚಾರ್ಕೋಪಿನ ವಿಮಾನ ನೋಡಿ, ನಾನೂ ಒಂದು ಕಟ್ಟುತ್ತೇನೆ ಎಂದು ಹೊರಡುವ ಹುಡುಗ ಹುಡುಗಿಯರು ಮುಂಬಯಿಯಲ್ಲೂ ಹುಬ್ಬಳ್ಳಿಯಲ್ಲೂ ಇದ್ದಾರೆ, ಇರಬೇಕು. ಅವರಲ್ಲಿ ನನ್ನ ವಿನಂತಿ: ಬ್ಯಾಟರಿ ಕೊಂಡ ದಿನವೇ ಮಾರ್ಕರಿನಲ್ಲಿ ಅದರ ಮೇಲೆ ತಾರೀಖು ಬರೆಯಿರಿ. ಎರಡು ಹೆಡ್‌ಲೈಟ್ ಬಲ್ಬು ಕಟ್ಟಿ ಅದು ಎಷ್ಟು ನಿಮಿಷ ಬಾಳಿತೆಂದು ಪಕ್ಕದಲ್ಲೇ ಬರೆಯಿರಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಮೊದಲ ಹಾರಾಟಕ್ಕೆ ಮುಂಚೆ, ಅದೇ ಪರೀಕ್ಷೆ ಮತ್ತೆ ಮಾಡಿ. ಮೊದಲ ಸಂಖ್ಯೆಯ ಶೇ 80ಕ್ಕಿಂತ ಕಡಿಮೆ ಬಂದ ಬ್ಯಾಟರಿಯನ್ನು, ಅದು ಎಂಜಿನ್ನನ್ನು ಎಷ್ಟೇ ಚೆನ್ನಾಗಿ ಸ್ಟಾರ್ಟ್ ಮಾಡುತ್ತಿರಲಿ, ಅವತ್ತೇ ವಿಮಾನದಿಂದ ಇಳಿಸಿ.